ರವಿವಾರದ ಬಿಡುವು ಯಾರ ಗಳಿಕೆ?

ಕೀರ್ತಿಶೇಷ ನಾರಾಯಣ ಮೇಘಾಜಿ ಲೋಖಂಡೆಯವರ ಜೀವಿತ

ಸಿಂಧನೂರು, ಲಿಂಗಸೂಗೂರು, ಮಸ್ಕಿ ಈ ಮೂರು ಊರುಗಳಲ್ಲಿ ಸಂಬಳದ ನೌಕರರು ನಾಲ್ವರು ಕೂಡಿದಲ್ಲಿ ಇತ್ತೀಚೆಗೆ ಒಂದು ಮಾತು ತಪ್ಪದೆ ಬರುತ್ತದೆ. ವಾರಕ್ಕೆ ಐದೇ ದಿನ ಕೆಲಸವಾಗಬೇಕು, ಶನಿವಾರ ರವಿವಾರಗಳೆರಡೂ ಬಿಡುವಿನ ದಿನಗಳಾಗಬೇಕು ಎಂಬುದೇ ಆ ಮಾತು. ಕೇಂದ್ರ ಸರಕಾರದ ಆಡಳಿತ ಕಚೇರಿಗಳಿಗೆ ಈ ಅನುಕೂಲವು ೧೯೮೫ರಲ್ಲಿಯೇ ದೊರೆಯಿತು. ಬ್ಯಾಂಕುಗಳಿಗೆ ೨೦೧೫ರಿಂದ ತಿಂಗಳ ಎರಡನೆಯ ಹಾಗೂ ನಾಲ್ಕನೆಯ ಶನಿವಾರಗಳು ಬಿಡುವಾದವು. ನಮ್ಮ ರಾಜ್ಯ ಸರಕಾರದ ನೌಕರರಿಗೆ ೨೦೧೯ರಲ್ಲಿ ನಾಲ್ಕನೆಯ ಶನಿವಾರವೂ ಸಿಕ್ಕಿತು; ಆದರೆ ಅದರ ಬೆನ್ನಿಗೇ ವರ್ಷದ ಸಾಂದರ್ಭಿಕ ರಜೆಯು ೧೫ ದಿನಗಳಿಂದ ೧೦ಕ್ಕೆ ಇಳಿಯಿತು. ಒಂದು ಕೈಯಿಂದ ಹನ್ನೆರಡು ಕೊಟ್ಟು ಮತ್ತೊಂದು ಕೈಯಿಂದ ಐದನ್ನು ಹಿಂದಕ್ಕೆ ತೆಗೆದುಕೊಂಡ ಲೆಕ್ಕವಿದು. ಹೀಗಿರಲು ಉಳಿದ ಶನಿವಾರಗಳನ್ನೂ ಕೇಳುವವರ ಕೂಗು ಹೆಚ್ಚಿದರೆ ಆಶ್ಚರ್ಯವೇನೂ ಇಲ್ಲ.

ಈ ಬೇಡಿಕೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಕೊನೆಯಲ್ಲಿ ಅರಿಕೆ ಮಾಡುವೆವು. ಅದಕ್ಕೆ ಮೊದಲು ವಾಚಕರ ಮುಂದೆ ಒಂದು ಪ್ರಶ್ನೆಯನ್ನು ಇಡಬಯಸುತ್ತೇವೆ. ಎರಡನೆಯ ಬಿಡುವನ್ನು ಕೇಳುವ ನಾವು, ಮೊದಲನೆಯ ಬಿಡುವನ್ನು ಯಾರಿಂದ ಪಡೆದೆವೆಂಬುದನ್ನು ಬಲ್ಲೆವೇ? ರವಿವಾರವೆಂಬುದು ಸೂರ್ಯೋದಯದಂತೆ ತಾನಾಗಿಯೇ ಬಂದುದೆಂದು ನಮ್ಮಲ್ಲಿ ಬಹುಮಂದಿ ತಿಳಿದಿರುವರು. ಅದು ಹಾಗೆ ಬಂದುದಲ್ಲ. ಗಿರಣಿಯಲ್ಲಿ ಉಗ್ರಾಣದ ಲೆಕ್ಕ ಬರೆಯುತ್ತಿದ್ದ ಒಬ್ಬ ಸಾಮಾನ್ಯ ಗೃಹಸ್ಥನು ಹಲವು ವರ್ಷ ಬೆನ್ನುಹತ್ತಿ, ತನಗಾಗಿ ಅಲ್ಲದೆ ಅನ್ಯರಿಗಾಗಿ ಗಳಿಸಿಕೊಟ್ಟ ದಿನವದು.

ಬಿಡುವಿನ ಕಲ್ಪನೆಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಒಕ್ಕಲಿಗನು ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ವಾರವೆಂದು ಮೈತೊಳೆದು, ಮೇವು ಹಾಕಿ, ಕಣ್ಣಿ ಸಡಿಲಿಸಿ ಬಿಡುತ್ತಾನೆ. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ೧೯೧೫ರಲ್ಲಿ ಯಾವ ಸಾರ್ವಭೌಮನ ಹೆಸರು ಸ್ಪಷ್ಟವಾಗಿ ಓದಲು ಸಿಕ್ಕಿತೋ, ಆ ಅಶೋಕನೂ ತನ್ನ ಸ್ತಂಭಶಾಸನವೊಂದರಲ್ಲಿ ಪಕ್ಷದ ಇಂಥಿಂಥ ದಿನಗಳಂದು ಹೋರಿಗಳ ಬೀಜ ಒಡೆಯಬಾರದು, ಎತ್ತು ಕುದುರೆಗಳಿಗೆ ಬರೆ ಹಾಕಬಾರದು ಎಂದು ವಿಧಿಸಿದನು. ಮೂಕಪ್ರಾಣಿಯ ನೋವಿಗೆ ಎರಡು ಸಾವಿರ ವರ್ಷಗಳ ಹಿಂದೆಯೇ ತಿಥಿ ವಾರಗಳನ್ನು ಎಣಿಸಿದ ಈ ದೇಶದಲ್ಲಿ, ಉಗಿಯಂತ್ರವು ಬಂದ ಮೇಲೆ ಮನುಷ್ಯನ ದಣಿವನ್ನು ಎಣಿಸುವವರು ಮಾತ್ರ ಇಲ್ಲವಾದರು. ಎತ್ತಿಗೆ ಇದ್ದ ಸೋಮವಾರವು ಗಿರಣಿಯ ಕೂಲಿಕಾರನಿಗೆ ಇರಲಿಲ್ಲ. ಆ ಕೊರತೆಯನ್ನು ಕಂಡವರೇ ನಾರಾಯಣ ಮೇಘಾಜಿ ಲೋಖಂಡೆಯವರು.

ಲೋಖಂಡೆಯವರು ೧೮೪೮ರಲ್ಲಿ ಮುಂಬಯಿಗೆ ಸಮೀಪದ ಠಾಣೆಯಲ್ಲಿ ಹುಟ್ಟಿದರು. ಅವರ ಮನೆತನದ ಮೂಲವು ಪುಣೆ ಜಿಲ್ಲೆಯ ಕನ್ಹೇರಸರ ಎಂಬ ಗ್ರಾಮ. ಹೂ ಬೆಳೆದು ಮಾರುವ ಮಾಳಿ ಸಮಾಜದ ಬಡಕುಟುಂಬ ಅವರದು. ಮೆಟ್ರಿಕ್ಯುಲೇಶನ್ನಿನವರೆಗೆ ಓದು ಸಾಗಿತು; ಮುಂದಿನ ವಿದ್ಯೆಗೆ ಮನೆಯ ಸ್ಥಿತಿಯು ಎಡೆಗೊಡಲಿಲ್ಲ. ಆ ಕಾಲದಲ್ಲಿ ಅಷ್ಟು ಓದಿದವನಿಗೆ ಕಾರಕೂನಿಕೆಯ ಬಾಗಿಲು ತೆರೆದೇ ಇರುತ್ತಿದ್ದಿತು. ಅವರು ಮೊದಲು ರೇಲ್ವೆಯಲ್ಲಿಯೂ ಅಂಚೆಯ ಇಲಾಖೆಯಲ್ಲಿಯೂ ದುಡಿದು, ಆ ಮೇಲೆ ಮುಂಬಯಿಯ ಮಾಂಡವಿ ಗಿರಣಿಯಲ್ಲಿ ಉಗ್ರಾಣದ ಅಧಿಕಾರಿಯಾಗಿ ಸೇರಿದರು. ಈ ಮೂರನೆಯ ನೌಕರಿಯೇ ಅವರ ಬಾಳಿನ ದಿಕ್ಕನ್ನು ತಿರುಗಿಸಿತು.

ಉಗ್ರಾಣದವನೆಂದರೆ ಗಿರಣಿಯಲ್ಲಿ ಮಾಲಕನ ಕಡೆಯ ಮನುಷ್ಯ. ಅವನಿಗೆ ಮೇಜುಂಟು, ತಿಂಗಳ ಪಗಾರ ಉಂಟು; ನೂಲಿನ ಧೂಳು ಅವನ ಎದೆಯನ್ನು ಹೊಗುವುದಿಲ್ಲ. ಎಣ್ಣೆ, ಪಟ್ಟೆ, ಕದಿರುಗಳ ಲೆಕ್ಕವಿಟ್ಟು ಸಂಜೆಗೆ ಮನೆ ಸೇರಿದರೆ ಅವನನ್ನು ಕೇಳುವವರಿಲ್ಲ. ಆದರೆ ಗಿರಣಿಯ ಎಲ್ಲ ಖಾತೆಗಳಿಂದಲೂ ಆಳುಗಳು ಉಗ್ರಾಣದ ಬಾಗಿಲಿಗೆ ಬರಲೇಬೇಕು. ಹಾಗೆ ದಿನವೂ ತನ್ನ ಬಾಗಿಲಿಗೆ ಬರುವವರ ಮುಖವನ್ನು ನೋಡುವುದು ಬಿಡುವುದು ಅವನವನ ಮನಸ್ಸಿಗೆ ಸೇರಿದ್ದು. ಲೋಖಂಡೆಯವರು ನೋಡಿದರು.

ಅವರು ಕಂಡ ಗಿರಣಿಯ ಸ್ಥಿತಿಯನ್ನು ಇಂದಿನ ವಾಚಕರು ಅರಿಯುವುದು ಅವಶ್ಯ. ಮುಂಬಯಿಯಲ್ಲಿ ಮೊದಲನೆಯ ಹತ್ತಿಯ ಗಿರಣಿಯು ೧೮೫೬ರಲ್ಲಿ ಕೆಲಸಕ್ಕೆ ತೊಡಗಿತು. ೧೮೭೧ರಲ್ಲಿ ಮುಂಬಯಿಯ ಕಡೆಯ ಮತ್ತು ಮದ್ರಾಸಿನ ಕಡೆಯ ರೇಲ್ವೆ ಹಳಿಗಳು ನಮ್ಮ ರಾಯಚೂರಿನಲ್ಲಿಯೇ ಕೂಡಿಕೊಂಡವು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎರೆನೆಲದ ಹತ್ತಿಗೂ ಆ ಮಹಾನಗರದ ದಾರಿ ತೆರೆಯಿತು. ಗಿರಣಿಗಳಲ್ಲಿ ಆಗ ವಿದ್ಯುದ್ದೀಪಗಳಿರಲಿಲ್ಲ. ಆದಕಾರಣ ಸೂರ್ಯನೇ ಗಡಿಯಾರ. ಬೆಳಕು ಹರಿದೊಡನೆ ಯಂತ್ರ ತಿರುಗಬೇಕು, ಕತ್ತಲಾದಾಗ ನಿಲ್ಲಬೇಕು. ಬೇಸಗೆಯ ಉದ್ದ ಹಗಲಿನಲ್ಲಿ ಹದಿಮೂರು ಹದಿನಾಲ್ಕು ತಾಸಿನ ದುಡಿಮೆ. ನಡುಹಗಲಿನಲ್ಲಿ ಯಂತ್ರವು ನಿಲ್ಲದಿದ್ದುದರಿಂದ ಒಬ್ಬನು ರೊಟ್ಟಿ ಮುರಿಯುವಾಗ ಮತ್ತೊಬ್ಬನು ಅವನ ಮಗ್ಗವನ್ನೂ ನೋಡಿಕೊಳ್ಳಬೇಕು. ಹಬ್ಬ ಹುಣ್ಣಿವೆಗಳಲ್ಲಿ ಕೆಲವು ದಿನ ಬಾಗಿಲು ಮುಚ್ಚುತ್ತಿದ್ದುದುಂಟು. ಆದರೆ ವಾರಕ್ಕೊಂದು ದಿನ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕೂಲಿಕಾರನಿಗೆ ಇರಲಿಲ್ಲ. ಯಂತ್ರವನ್ನು ಒರೆಸಿ ಎಣ್ಣೆಯೂಡುವುದಕ್ಕಾಗಿ ಬಿಡುವಿನ ದಿನದ ಮುಂಜಾನೆಯೂ ಬರಬೇಕಾಗುತ್ತಿದ್ದಿತು. ದುಡಿದ ತಿಂಗಳ ಪಗಾರವು ಕೈಗೆ ಬರುವಷ್ಟರಲ್ಲಿ ಮುಂದಿನ ತಿಂಗಳ ಬಹುಭಾಗ ಕಳೆದು, ಸಾಲ ಕೊಟ್ಟವನ ಬಡ್ಡಿ ಬೆಳೆದಿರುತ್ತಿದ್ದಿತು.

ಇಂಥ ಸಮಯದಲ್ಲಿ ಲೋಖಂಡೆಯವರಿಗೆ ಮಹಾತ್ಮಾ ಜೋತೀರಾವ ಫುಲೆಯವರ ಸಂಗ ದೊರೆಯಿತು. ಫುಲೆಯವರು ೧೮೭೩ರಲ್ಲಿ ಪುಣೆಯಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿ, ಒಕ್ಕಲಿಗರೂ ಕೂಲಿಕಾರರೂ ವಿದ್ಯೆಯಿಂದ ಎಚ್ಚತ್ತುಕೊಳ್ಳಬೇಕೆಂದು ಉಪದೇಶಿಸುತ್ತಿದ್ದರು. ಆ ಸಮಾಜದ ಕೃಷ್ಣರಾವ ಭಾಲೇಕರರು ೧೮೭೭ರಲ್ಲಿ ದೀನಬಂಧು ಎಂಬ ಪತ್ರಿಕೆಯನ್ನು ಹೊರಡಿಸಿದರು. ಹಣದ ಅಡಚಣೆಯಿಂದ ಅದು ನಿಲ್ಲುವಂತಾಗಲು, ೧೮೮೦ರಲ್ಲಿ ಲೋಖಂಡೆಯವರು ಅದನ್ನು ಮುಂಬಯಿಗೆ ತಂದು ಸಂಪಾದಕತ್ವವನ್ನು ವಹಿಸಿಕೊಂಡರು, ಕೊನೆಯುಸಿರಿನವರೆಗೂ ನಡೆಯಿಸಿದರು. ಪತ್ರಿಕೆಯನ್ನು ನಡೆಯಿಸಿದವರಿಗೇ ಅದರ ಭಾರ ಗೊತ್ತು. ಓದಲು ಬಾರದ ಜನರಿಗಾಗಿ, ಚಂದಾ ಕೊಡಲಾರದ ಜನರಿಗಾಗಿ, ಜಾಹೀರಾತು ಕೊಡುವ ಶ್ರೀಮಂತರನ್ನೇ ಎದುರು ಹಾಕಿಕೊಂಡು ಹದಿನೇಳು ವರ್ಷ ಒಂದು ಪತ್ರಿಕೆಯನ್ನು ಉಳಿಸಿದುದು ಸಣ್ಣ ಸಾಧನೆಯಲ್ಲ.

ಇಷ್ಟರಲ್ಲಿ ೧೮೮೧ರಲ್ಲಿ ಹಿಂದುಸ್ಥಾನದ ಮೊದಲನೆಯ ಕಾರಖಾನೆಯ ಕಾಯದೆ ಜಾರಿಗೆ ಬಂದಿತು. ಏಳು ವರ್ಷದೊಳಗಿನ ಕೂಸುಗಳನ್ನು ಕೆಲಸಕ್ಕೆ ಹಚ್ಚಬಾರದು. ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ೯ ತಾಸಿಗಿಂತ ಹೆಚ್ಚು ಕೆಲಸ ಕೂಡದು, ತಿಂಗಳಿಗೆ ನಾಲ್ಕು ದಿನ ಬಿಡುವು ಎಂಬುದು ಅದರ ಸಾರ. ಅದೂ ನೂರು ಜನರಿಗಿಂತ ಕಡಿಮೆ ಇರುವ ಕಾರಖಾನೆಗಳಿಗೆ ಅನ್ವಯಿಸದು. ವಯಸ್ಸಿಗೆ ಬಂದ ಗಂಡಸು ಹೆಂಗಸರ ವಿಷಯದಲ್ಲಿ ಕಾಯದೆಯು ಬಾಯಿ ತೆರೆಯಲೇ ಇಲ್ಲ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಈ ಕಾಯದೆಗಳಿಗಾಗಿ ವಿಲಾಯತಿಯಲ್ಲಿ ಗದ್ದಲವೆಬ್ಬಿಸಿದವರಲ್ಲಿ ಲಂಕಾಶಾಯರಿನ ಗಿರಣಿಯ ಮಾಲಕರೇ ಮುಂದಾಗಿದ್ದರು. ಅವರದು ಕೂಲಿಕಾರನ ಮೇಲಿನ ಕರುಣೆಯಲ್ಲ. ಮುಂಬಯಿಯ ಅರಿವೆಯು ತಮ್ಮ ಅರಿವೆಗೆ ಎದುರಾಯಿತೆಂಬ ಮತ್ಸರ. ಆದಕಾರಣ ನಮ್ಮ ದೇಶದ ರಾಷ್ಟ್ರೀಯ ಪತ್ರಿಕೆಗಳಲ್ಲಿ ಹೆಚ್ಚಿನವು ಕಾರಖಾನೆಯ ಕಾಯದೆಯನ್ನು ಕಟುವಾಗಿ ವಿರೋಧಿಸಿದವು. ಗೋಪಾಳ ಗಣೇಶ ಆಗರಕರರ ಪ್ರಭಾವವಿದ್ದಾಗಿನ ಮರಾಠಾ ಪತ್ರಿಕೆಯಂಥ ಅಪವಾದಗಳು ಬಲು ವಿರಳ. ಸ್ವದೇಶಿಯ ಉದ್ಯಮವನ್ನು ಕಾಪಾಡುವುದು ದೇಶಭಕ್ತಿಯೇ ಸರಿ. ಪರಂತು ಮಾಲಕನ ಲಾಭವನ್ನು ದೇಶದ ಹಿತವೆಂದೂ, ಕೂಲಿಕಾರನ ಬೆನ್ನನ್ನು ದೇಶದ ಹೊರಗಿನದೆಂದೂ ತಿಳಿದದ್ದು ಅಂದಿನ ನಮ್ಮ ವೃತ್ತಪತ್ರಗಳ ದೊಡ್ಡ ತಪ್ಪು. ಪರದೇಶದ ವ್ಯಾಪಾರಿಯ ಹೇತುವು ಕೆಟ್ಟದ್ದಾದ ಮಾತ್ರಕ್ಕೆ ಸ್ವದೇಶದ ದಣಿವು ಸುಳ್ಳಾಗುವುದಿಲ್ಲ. ಈ ಸರಳ ಸತ್ಯವನ್ನು ಹಿಡಿದು ನಿಂತವರು ದೀನಬಂಧುವಿನ ಸಂಪಾದಕರು. ಅವರನ್ನು ಆಗ ಲಂಕಾಶಾಯರಿನ ಪಕ್ಷದವನೆಂದು ಶಂಕಿಸುವುದು ಸುಲಭವಿದ್ದಿತು. ಅವರು ಅದಕ್ಕೆ ಹೆದರಲಿಲ್ಲ.

ಅವರಿಗೆ ಮೊದಲೇ ಪಾರಶಿ ಗೃಹಸ್ಥರಾದ ಸೊರಾಬಜಿ ಶಾಪುರಜಿ ಬೆಂಗಾಲಿಯವರು ಕೂಲಿಕಾರರ ಪರವಾಗಿ ಕಾಯದೆಯ ಪ್ರಯತ್ನ ಮಾಡಿದ್ದರು. ಆ ಮಹನೀಯರ ಶ್ರೇಯಸ್ಸನ್ನು ನಾವು ಕಡಿಮೆ ಮಾಡುವುದಿಲ್ಲ. ಆದರೆ ಬೆಂಗಾಲಿಯವರು ಕೂಲಿಕಾರರಿಗಾಗಿ ಮಾತಾಡಿದರು. ಲೋಖಂಡೆಯವರು ಕೂಲಿಕಾರರ ಬಾಯಿಂದಲೇ ಮಾತಾಡಿಸಿದರು. ಭೇದವಿರುವುದು ಇಲ್ಲಿಯೇ.

೧೮೮೪ರಲ್ಲಿ ಮುಂಬಯಿ ಸರಕಾರವು ಕಾಯದೆಯ ವಿಚಾರಣೆಗಾಗಿ ಒಂದು ಆಯೋಗವನ್ನು ನೇಮಿಸಿತು. ಅದೇ ವರ್ಷದ ಸೆಪ್ಟೆಂಬರ ತಿಂಗಳಲ್ಲಿ ಲೋಖಂಡೆಯವರು ಗಿರಣಿಯ ಆಳುಗಳ ಸಭೆಗಳನ್ನು ನೆರೆಯಿಸಿ, ಸುಮಾರು ೫,೫೦೦ ಜನರ ಸಹಿಗಳುಳ್ಳ ಬಿನ್ನಹವನ್ನು ಸಿದ್ಧಪಡಿಸಿದರು. ಅದರಲ್ಲಿದ್ದ ಬೇಡಿಕೆಗಳು ಐದು. ಪ್ರತಿ ರವಿವಾರ ಪೂರ್ಣ ದಿನದ ಬಿಡುವು. ನಡುಹಗಲಿನಲ್ಲಿ ಅರ್ಧ ತಾಸಿನ ವಿಶ್ರಾಂತಿ. ಮುಂಜಾನೆ ಆರೂವರೆಗೆ ಆರಂಭಿಸಿ ಸೂರ್ಯಾಸ್ತಕ್ಕೆ ಕೆಲಸ ನಿಲ್ಲಿಸುವುದು. ದುಡಿದ ತಿಂಗಳ ಪಗಾರವನ್ನು ಮುಂದಿನ ತಿಂಗಳ ಹದಿನೈದನೆಯ ತಾರೀಖಿನೊಳಗೆ ಕೊಡುವುದು. ಯಂತ್ರಕ್ಕೆ ಸಿಕ್ಕಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ಪಗಾರ, ಅಂಗಹೀನನಾದರೆ ಅವನ ಬಾಳಿಗೊಂದು ಏರ್ಪಾಡು. ವಾಚಕರು ಈ ಐದನ್ನೂ ಇನ್ನೊಮ್ಮೆ ಓದಬೇಕು. ಇವುಗಳಲ್ಲಿ ವಿಲಾಸವು ಯಾವುದು? ಅತಿರೇಕವು ಯಾವುದು? ಆದರೂ ಅಂದಿನ ಮಾಲಕರಿಗೆ ಇವು ಉದ್ಯಮವನ್ನೇ ಮುಳುಗಿಸುವ ಹಟವಾಗಿ ಕಂಡವು. ಈ ಚಳವಳಿಯ ಸಂಗಡ ಹುಟ್ಟಿದ ಬಾಂಬೇ ಮಿಲ್ ಹ್ಯಾಂಡ್ಸ್ ಅಸೋಸಿಯೇಶನ್ ಎಂಬ ಸಂಘವು ಹಿಂದುಸ್ಥಾನದಲ್ಲಿ ಕೂಲಿಕಾರರ ಮೊದಲ ಸಂಸ್ಥೆಗಳಲ್ಲೊಂದು.

ಬಿಡುವಿಗೆ ರವಿವಾರವೇ ಏಕೆ? ಕ್ರೈಸ್ತರ ದೇವಾಲಯದ ದಿನವನ್ನು ಹಿಂದೂ ಮುಸಲ್ಮಾನ ಕೂಲಿಕಾರರು ಬಯಸುವುದೇತಕ್ಕೆ ಎಂದು ಕೇಳುವವರು ಆಗಲೂ ಇದ್ದರು. ಲೋಖಂಡೆಯವರು ಅದಕ್ಕೆ ಮುಂದಿಟ್ಟ ಕಾರಣವು ನಮ್ಮ ಜನರಿಗೆ ಕೂಡಲೇ ತಿಳಿಯುವಂಥದು. ರವಿವಾರವು ಜೇಜೂರಿಯ ಖಂಡೋಬನ ವಾರ. ಆ ಖಂಡೋಬನೇ ನಮ್ಮ ಮೈಲಾರಲಿಂಗನು. ಏಳುಕೋಟಿಯ ಉಗ್ಘಡಣೆಯನ್ನು ಕೇಳಿ ಬೆಳೆದ ನಮ್ಮ ಹಳ್ಳಿಗರಿಗೆ ರವಿವಾರವು ಯಾರ ದಿನವೆಂದು ಯಾರೂ ಕಲಿಸಬೇಕಾಗಿಲ್ಲ. ಗಿರಣಿಯ ಆಳುಗಳಲ್ಲಿ ಅನೇಕರು ಖಂಡೋಬನ ಒಕ್ಕಲು. ಇದಲ್ಲದೆ, ಆರು ದಿನ ಹೊಟ್ಟೆಗಾಗಿ ದುಡಿದವನಿಗೆ ಒಂದು ದಿನವಾದರೂ ಮನೆಯನ್ನು ನೋಡಿಕೊಳ್ಳಲು, ಅಕ್ಷರ ಕಲಿಯಲು, ತನ್ನ ಸಮಾಜದ ಕೆಲಸಕ್ಕೆ ಕೂಡಲು ಅವಕಾಶವಿರಬೇಕೆಂಬುದು ಅವರ ಮತವಾಗಿದ್ದಿತು. ಬಿಡುವೆಂದರೆ ಮಲಗುವ ದಿನವೆಂದಷ್ಟೇ ಅವರು ತಿಳಿದಿರಲಿಲ್ಲ. ಮನುಷ್ಯನು ಮನುಷ್ಯನಾಗಿರುವ ದಿನವೆಂದು ತಿಳಿದಿದ್ದರು.

೧೮೮೪ರ ಬಿನ್ನಹವು ಕಾಗದಗಳ ರಾಶಿಯಲ್ಲಿ ಬಿದ್ದಿತು. ವರ್ಷಗಳು ಉರುಳಿದವು. ಲೋಖಂಡೆಯವರು ಪತ್ರಿಕೆಯಲ್ಲಿ ಬರೆದರು, ಸಭೆಗಳನ್ನು ಕೂಡಿಸಿದರು, ೧೮೮೯ರಲ್ಲಿ ಮತ್ತೊಂದು ಬಿನ್ನಹವನ್ನು ಸರಕಾರಕ್ಕೆ ಕಳಿಸಿದರು. ಕೊನೆಗೆ ೧೮೯೦ರ ಎಪ್ರಿಲ ೨೪ರಂದು ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಗಿರಣಿಯ ಆಳುಗಳು ಒಂದೆಡೆ ನೆರೆದರು. ಅಂದಿನ ಸಭೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಎದ್ದುನಿಂತು ಮಾತಾಡಿದರೆಂಬುದು ವಿಶೇಷವಾಗಿ ನೆನೆಯತಕ್ಕ ಸಂಗತಿ. ವಿದ್ಯಾವಂತರ ಮನೆಗಳ ಸ್ತ್ರೀಯರೂ ಸಭೆಯಲ್ಲಿ ಬಾಯಿ ತೆರೆಯಲು ಅಂಜುತ್ತಿದ್ದ ಕಾಲದಲ್ಲಿ, ನೂಲು ಸುತ್ತುವ ಬಡ ಹೆಂಗಸರು ಹತ್ತು ಸಾವಿರ ಜನರೆದುರು ತಮ್ಮ ದಣಿವಿನ ಲೆಕ್ಕವನ್ನು ಒಪ್ಪಿಸಿದರು. ವಾರಕ್ಕೊಂದು ದಿನದ ಬಿಡುವನ್ನು ಕೇಳುವ ಬಿನ್ನಹವು ಮಾಲಕರ ಸಂಘಕ್ಕೆ ಹೋಯಿತು. ೧೮೯೦ರ ಜೂನ ೧೦ರಂದು ಆ ಸಂಘವು ರವಿವಾರದ ಬಿಡುವಿಗೆ ಸಮ್ಮತಿಸಿತು. ಕಲ್ಲೆಸೆತವಿಲ್ಲ, ರಕ್ತಪಾತವಿಲ್ಲ. ಆರು ವರ್ಷಗಳ ಛಲವು ಒಂದು ದಿನವನ್ನು ಗೆದ್ದಿತು.

ಅದೇ ವರ್ಷ ಹಿಂದುಸ್ಥಾನ ಸರಕಾರವು ನೇಮಿಸಿದ ಕಾರಖಾನೆಯ ಆಯೋಗದಲ್ಲಿ ಮುಂಬಯಿಯ ಮಟ್ಟಿಗೆ ಲೋಖಂಡೆಯವರನ್ನೂ ಕೂಡಿಸಿಕೊಂಡರು. ೧೮೯೧ರ ಕಾಯದೆಯು ವಾರದ ಬಿಡುವನ್ನು ಶಾಸನದಲ್ಲಿ ಬರೆಯಿತು; ನಡುಹಗಲಿನ ಅರ್ಧ ತಾಸಿನ ವಿಶ್ರಾಂತಿಯನ್ನು ಕೊಟ್ಟಿತು; ಹೆಂಗಸರಿಗೆ ದಿನಕ್ಕೆ ೧೧ ತಾಸು, ಒಂಬತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ೭ ತಾಸು ಎಂದು ಮಿತಿ ಹಾಕಿತು. ಗಂಡಾಳಿನ ದಿನದ ತಾಸುಗಳಿಗೆ ಮಾತ್ರ ಮಿತಿ ಬೀಳಲಿಲ್ಲ. ಅದರ ಫಲವನ್ನು ಮುಂದೆ ಕಾಣಬೇಕಾಯಿತು. ೧೯೦೫ರ ಸುಮಾರಿಗೆ ಗಿರಣಿಗಳಿಗೆ ವಿದ್ಯುದ್ದೀಪಗಳು ಬಂದೊಡನೆ ಸೂರ್ಯಾಸ್ತವೆಂಬುದೇ ಇಲ್ಲವಾಗಿ ಹದಿನೈದು ತಾಸಿನವರೆಗೆ ದುಡಿಸಿಕೊಳ್ಳತೊಡಗಿದರು. ಗೆದ್ದ ಹಕ್ಕನ್ನು ಕಾಯುವವರಿಲ್ಲದಿದ್ದರೆ ಹೊಸ ಸಾಧನವೊಂದು ಬಂದು ಅದನ್ನು ಸದ್ದಿಲ್ಲದೆ ತಿಂದುಹಾಕುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಲೋಖಂಡೆಯವರ ಕೊರತೆಗಳನ್ನೂ ಹೇಳಬೇಕು. ಇಲ್ಲವಾದರೆ ಚರಿತ್ರೆಯು ಸ್ತೋತ್ರವಾಗುತ್ತದೆ. ಅವರ ಸಂಘಕ್ಕೆ ಸದಸ್ಯರ ಪಟ್ಟಿಯಿರಲಿಲ್ಲ, ನಿಧಿಯಿರಲಿಲ್ಲ, ಬರೆದ ನಿಯಮಗಳಿರಲಿಲ್ಲ. ಅದು ಬಹುಮಟ್ಟಿಗೆ ಅವರೊಬ್ಬರ ಹೆಗಲ ಮೇಲೆಯೇ ನಿಂತಿದ್ದಿತು. ಆದ್ದರಿಂದಲೇ ಅವರ ಮರಣದ ತರುವಾಯ ಬಹುಕಾಲ ಬಾಳಲಿಲ್ಲ. ಸರಕಾರದ ನ್ಯಾಯಬುದ್ಧಿಯ ಮೇಲೆ ಅವರಿಗಿದ್ದ ನಂಬಿಕೆಯು ಮುಂದಿನ ಪೀಳಿಗೆಯವರಿಗೆ ಮಿತಿಮೀರಿದುದಾಗಿ ಕಂಡರೆ ತಪ್ಪಿಲ್ಲ. ಆದರೆ ಬೀಜವು ಮೊಳೆಯಿತೆಂಬುದೂ ಅಷ್ಟೇ ಸತ್ಯ. ೧೯೦೮ರ ಜುಲೈಯಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾದಾಗ, ವರ್ಷಕ್ಕೊಂದು ದಿನದಂತೆ ಆರು ದಿನ ಯಂತ್ರಗಳನ್ನು ನಿಲ್ಲಿಸಿ ಬೀದಿಗೆ ಬಂದವರು ಇದೇ ಮುಂಬಯಿಯ ಗಿರಣಿಯ ಆಳುಗಳು. ಒಂದು ಕಾಲಕ್ಕೆ ಯಾರ ದಣಿವನ್ನು ರಾಷ್ಟ್ರೀಯ ಪತ್ರಿಕೆಗಳು ಲೆಕ್ಕಿಸಲಿಲ್ಲವೋ, ಅವರೇ ರಾಷ್ಟ್ರದ ನಾಯಕನಿಗಾಗಿ ತಮ್ಮ ಕೂಲಿಯನ್ನು ಬಿಟ್ಟುಕೊಟ್ಟರು.

ಗಿರಣಿಯ ಹೊರಗೂ ಅವರ ದೃಷ್ಟಿಯು ಹರಿದಿದ್ದಿತು. ವಿಧವೆಯರ ತಲೆ ಬೋಳಿಸುವ ಕ್ರೂರ ಪದ್ಧತಿಯನ್ನು ನಿಲ್ಲಿಸಲು ಅವರು ಶಾಸ್ತ್ರಿಗಳ ಸಂಗಡ ವಾದಕ್ಕೆ ಕೂಡಲಿಲ್ಲ. ನೇರವಾಗಿ ಕ್ಷೌರಿಕರ ಬಳಿಗೆ ಹೋದರು. ಅವರ ಪ್ರೇರಣೆಯಿಂದ ಮುಂಬಯಿಯ ಕ್ಷೌರಿಕರು ಸಭೆಗೂಡಿ, ಆ ಕೆಲಸಕ್ಕೆ ಇನ್ನು ಕತ್ತಿ ಎತ್ತುವುದಿಲ್ಲವೆಂದು ನಿಶ್ಚಯಿಸಿದರು. ಅನ್ಯಾಯವನ್ನು ನಡೆಯಿಸುವ ಕೈಯೇ ಒಲ್ಲೆನೆಂದರೆ ಅನ್ಯಾಯವು ನಿಲ್ಲುತ್ತದೆಂಬ ಮರ್ಮವನ್ನು ಅವರು ಬಲ್ಲವರಾಗಿದ್ದರು. ೧೮೯೩ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ದಂಗೆಯಾದಾಗ ಎರಡೂ ಪಂಗಡದವರಲ್ಲಿ ಸಮಾಧಾನ ಬೆಳೆಯಿಸಲು ದುಡಿದರು. ಸರಕಾರವು ಅವರಿಗೆ ರಾವಬಹಾದ್ದೂರ ಪದವಿಯನ್ನಿತ್ತು ಗೌರವಿಸಿತು.

೧೮೯೬ರಲ್ಲಿ ಪ್ಲೇಗು ಮುಂಬಯಿಯನ್ನು ಹೊಕ್ಕಿತು. ಕೈಯಲ್ಲಿ ಹಣವಿದ್ದವರು ಊರು ಬಿಟ್ಟರು; ಕೂಲಿಕಾರರ ಚಾಳುಗಳಲ್ಲಿ ಮನೆಗೊಂದು ಹೆಣ ಬಿದ್ದಿತು. ಲೋಖಂಡೆಯವರು ಊರು ಬಿಡಲಿಲ್ಲ. ರೋಗಿಗಳಿಗೆ ಆಸ್ಪತ್ರೆಯ ಏರ್ಪಾಡು ಮಾಡಿ ಅವರ ನಡುವೆಯೇ ಓಡಾಡುತ್ತ, ಅದೇ ರೋಗಕ್ಕೆ ತುತ್ತಾಗಿ ೧೮೯೭ರ ಫೆಬ್ರುವರಿ ೯ರಂದು ಅಸ್ತಂಗತರಾದರು. ಆಗ ಅವರಿಗೆ ಐವತ್ತು ತುಂಬಿರಲಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರೂ ಪ್ಲೇಗಿನವರ ಸೇವೆಯಲ್ಲಿಯೇ ದೇಹವಿಟ್ಟರು. ೨೦೦೫ರಲ್ಲಿ ಭಾರತದ ಅಂಚೆಯ ಇಲಾಖೆಯು ಲೋಖಂಡೆಯವರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿತು. ಒಮ್ಮೆ ತನ್ನಲ್ಲಿ ಕಾರಕೂನನಾಗಿದ್ದವನಿಗೆ ಆ ಇಲಾಖೆಯು ನೂರು ವರ್ಷಗಳ ಮೇಲೆ ಸಲ್ಲಿಸಿದ ಮರ್ಯಾದೆಯದು.

ಅವರು ಹಾಕಿದ ದಾರಿಯು ಮುಂದೆ ಎಲ್ಲಿಗೆ ಹೋಯಿತೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ೧೯೧೧ರ ಕಾಯದೆಯು ಅರಿವೆಯ ಗಿರಣಿಗಳ ಗಂಡಾಳಿಗೆ ದಿನಕ್ಕೆ ೧೨ ತಾಸಿನ ಮಿತಿ ಹಾಕಿತು. ೧೯೨೨ರಲ್ಲಿ ವಾರಕ್ಕೆ ೬೦ ತಾಸು, ೧೯೩೪ರಲ್ಲಿ ವರ್ಷವಿಡೀ ನಡೆಯುವ ಕಾರಖಾನೆಗಳಿಗೆ ೫೪ ತಾಸು ಎಂದಾಯಿತು. ಡಾಕ್ಟರ ಅಂಬೇಡಕರರು ೧೯೪೨ರಿಂದ ೧೯೪೬ರವರೆಗೆ ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಕಾರ್ಮಿಕರ ಖಾತೆಯನ್ನು ವಹಿಸಿದ್ದಾಗ ಅದು ೪೮ಕ್ಕೆ ಇಳಿಯಿತು; ೧೯೪೮ರ ಕಾರಖಾನೆಗಳ ಕಾಯದೆಯು ಅದನ್ನೇ ಸ್ಥಿರಪಡಿಸಿತು. ೧೯೩೫ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವಾರಕ್ಕೆ ೪೦ ತಾಸು ಎಂಬ ಆದರ್ಶವನ್ನು ಒಪ್ಪಂದದ ರೂಪದಲ್ಲಿ ಜಗತ್ತಿನ ಮುಂದಿಟ್ಟಿತು. ನಮ್ಮಲ್ಲಿ ೨೦೨೦ರ ಕಾರ್ಮಿಕ ಸಂಹಿತೆಯೂ ದಿನಕ್ಕೆ ೮ ತಾಸು, ವಾರಕ್ಕೆ ೬ ದಿನ ಎಂಬ ಎಲ್ಲೆಯನ್ನೇ ಇಟ್ಟುಕೊಂಡಿದೆ. ಮೂವತ್ತೈದು ವರ್ಷಗಳಲ್ಲಿ ದಿನದ ೧೨ ತಾಸು ೮ಕ್ಕೆ ಬಂದಿತು. ಆ ಮೇಲಿನ ಎಂಬತ್ತು ವರ್ಷಗಳಲ್ಲಿ ಕಾಯದೆಯ ಲೆಕ್ಕದಿಂದ ಒಂದು ತಾಸೂ ಇಳಿಯಲಿಲ್ಲ. ಯಂತ್ರಗಳ ಶಕ್ತಿಯು ನೂರ್ಮಡಿಯಾಯಿತು. ಅದರ ಫಲದಲ್ಲಿ ದುಡಿಯುವವನ ಪಾಲಿಗೆ ಬಿಡುವು ಬರಲಿಲ್ಲ.

ನಮ್ಮ ಈ ಭಾಗಕ್ಕಂತೂ ರವಿವಾರವು ಇನ್ನೂ ತಡವಾಗಿ ಬಂದಿತು. ನಿಜಾಮರ ಸಂಸ್ಥಾನದಲ್ಲಿ ಕಚೇರಿಗಳ ವಾರದ ಬಿಡುವು ಶುಕ್ರವಾರವಾಗಿದ್ದಿತು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಕೂಡಿದ ತರುವಾಯವೇ ರಾಯಚೂರು ಜಿಲ್ಲೆಯ ಕಚೇರಿಗಳು ರವಿವಾರ ಮುಚ್ಚತೊಡಗಿದವು. ವಾರ ಯಾವುದಾದರೇನು? ಕಚೇರಿಯವನಿಗೆ ಅಂದೂ ಒಂದು ದಿನವಿದ್ದಿತು, ಇಂದೂ ಇದೆ. ಇಲ್ಲದವರು ಬೇರೆಯೇ ಇದ್ದಾರೆ.

ಈಗ ನಮ್ಮ ಅಭಿಪ್ರಾಯ. ಐದು ದಿನಗಳ ವಾರವನ್ನು ಕೇಳುವ ನೌಕರರನ್ನು ಮೈಗಳ್ಳರೆಂದು ಹಳಿಯುವವರ ಪಕ್ಷದಲ್ಲಿ ನಾವಿಲ್ಲ. ೧೮೮೪ರಲ್ಲಿ ಮುಂಬಯಿಯ ಮಾಲಕರು ಕೂಲಿಕಾರರನ್ನು ಕುರಿತು ತಿಳಿದುದೂ ಅದನ್ನೇ. ವಾರಕ್ಕೆ ಎಪ್ಪತ್ತು, ತೊಂಬತ್ತು ತಾಸು ದುಡಿಯಿರೆಂದು ತರುಣರಿಗೆ ಉಪದೇಶಿಸುವ ಇಂದಿನ ಕೆಲವು ಉದ್ಯಮಪತಿಗಳು, ತಾವು ಮುಂದಕ್ಕೆ ಹೋಗುತ್ತಿರುವೆವೋ ೧೯೨೨ಕ್ಕೂ ಹಿಂದಕ್ಕೆ ಹೋಗುತ್ತಿರುವೆವೋ ಎಂಬುದನ್ನು ಯೋಚಿಸಲಿ. ದಣಿದ ಗುಮಾಸ್ತನು ಬರೆದ ಪಹಣಿಯ ತಪ್ಪನ್ನು ತಿದ್ದಿಸಲು ರೈತನು ಹತ್ತು ಸಲ ಅಲೆಯಬೇಕಾಗುತ್ತದೆ. ವಿಶ್ರಾಂತಿಯು ಕೆಲಸದ ವೈರಿಯಲ್ಲ.

ಆದರೆ ಮೂರು ಮಾತುಗಳನ್ನು ನೌಕರ ಬಂಧುಗಳ ಮುಂದೆ ಇಡುತ್ತೇವೆ. ಮೊದಲನೆಯದು, ಬಿಡುವನ್ನು ದಿನಗಳಲ್ಲಿ ಮಾತ್ರವಲ್ಲ, ತಾಸುಗಳಲ್ಲಿ ಅಳೆಯಬೇಕು. ೨೦೨೩ರಲ್ಲಿ ನಮ್ಮ ರಾಜ್ಯವು ಕಾರಖಾನೆಗಳ ಕಾಯದೆಯನ್ನು ತಿದ್ದಿ, ವಾರದ ೪೮ ತಾಸಿನ ಮಿತಿಯೊಳಗೆ ದಿನಕ್ಕೆ ೧೨ ತಾಸಿನವರೆಗೂ ದುಡಿಸಿಕೊಳ್ಳಬಹುದೆಂದು ವಿಧಿಸಿತು. ಅದರಿಂದ ನಾಲ್ಕು ದಿನಗಳ ವಾರವು ಬರುವುದೆಂದು ಹಿಗ್ಗಿದವರುಂಟು. ಅದು ವಾರವನ್ನು ಕಿರಿದು ಮಾಡುವುದಲ್ಲ, ಮಡಿಚಿ ಇಡುವುದು. ಹನ್ನೆರಡು ತಾಸಿನ ದಿನವನ್ನು ತೆಗೆದುಹಾಕಲು ಜನರು ಎಷ್ಟು ಪಾಡುಪಟ್ಟರೆಂಬುದನ್ನು ಮೇಲೆ ಹೇಳಿದ್ದೇವೆ.

ಎರಡನೆಯದು, ಕಚೇರಿಯ ಬಿಡುವು ರೈತನಿಗೆ ಶಿಕ್ಷೆಯಾಗಬಾರದು. ತಾಲೂಕಿನ ಮೂಲೆಯ ಹಳ್ಳಿಯಿಂದ ಮೋಟಾರು ಹತ್ತಿ, ದಿನದ ಕೂಲಿ ಕಳೆದುಕೊಂಡು ಶನಿವಾರ ಬರುವವನಿಗೆ ಬೀಗವೇ ಎದುರಾದರೆ ಅವನು ನಿಮ್ಮ ಬಿಡುವನ್ನು ಹರಸಲಾರನು. ಉಳಿದ ಐದು ದಿನ ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿ ಮನುಷ್ಯನಿರುವನೆಂಬ ಭರವಸೆಯು ಬೇಡಿಕೆಯ ಸಂಗಡವೇ ಬರಬೇಕು.

ಮೂರನೆಯದೇ ಮುಖ್ಯವಾದುದು. ಲಿಂಗಸೂಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿ ಇಳಿಯುವವನಿಗೆ ೧೯೫೨ರ ಗಣಿಗಳ ಕಾಯದೆಯು ವಾರದ ಬಿಡುವನ್ನೂ ೪೮ ತಾಸಿನ ಮಿತಿಯನ್ನೂ ಕೊಟ್ಟಿತು. ಅಂಗಡಿ, ಹೋಟೆಲುಗಳ ಆಳುಗಳಿಗೆ ರಾಜ್ಯದ ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯದೆಯು ಅದನ್ನೇ ವಿಧಿಸಿದೆ. ಆದರೆ ಕಾಯದೆಯ ಪುಸ್ತಕಕ್ಕೂ ಬಜಾರಿಗೂ ನಡುವೆ ಇರುವ ದೂರವನ್ನು ನಮ್ಮ ಓದುಗರು ಬಲ್ಲರು. ಬಟ್ಟೆಯ ಅಂಗಡಿಯಲ್ಲಿ ಸಂಜೆಯವರೆಗೆ ನಿಂತೇ ಇರುವ ಹುಡುಗಿ, ಖಾ-ನಾವಳಿಯಲ್ಲಿ ತಾಟು ತೊಳೆಯುವ ಹುಡುಗ, ಅಕ್ಕಿಯ ಗಿರಣಿಯಲ್ಲಿ ಚೀಲ ಹೊರುವ ಹಮಾಲ, ನಮ್ಮ ನಿಮ್ಮ ಮನೆಗಳಲ್ಲಿ ಮುಸುರೆ ತಿಕ್ಕುವ ತಾಯಿ, ಇವರಲ್ಲಿ ಎಷ್ಟು ಮಂದಿಗೆ ಕೂಲಿ ಕಡಿಯದ ಒಂದು ರವಿವಾರವಿದೆ? ನಾವು ಶನಿವಾರವನ್ನು ಕೇಳುವಾಗ ಅವರು ರವಿವಾರವನ್ನೂ ಕೇಳಲಾರದೆ ನಿಂತಿದ್ದಾರೆ.

ಅನ್ಯರಿಗೆ ಹೇಳುವ ಮೊದಲು ನಮ್ಮ ಮನೆಯ ಮಾತನ್ನೂ ಹೇಳಿಬಿಡುತ್ತೇವೆ. ಪತ್ರಿಕೆಯು ದಿನವೂ ಹೊರಡಬೇಕು. ಆದಕಾರಣ ವಾರದ ಬಿಡುವು ನಮ್ಮ ಮುದ್ರಣಾಲಯಕ್ಕೆ ಒಗ್ಗದೆಂದು ನಾವೂ ಬಹುಕಾಲ ವಾದಿಸಿದೆವು. ಮಗಳಿಗೆ ವರನ ಕಡೆಯವರು ಬರುವರೆಂದು ರವಿವಾರ ಮನೆಯಲ್ಲಿ ಉಳಿದ ಯಂತ್ರದವನೊಬ್ಬನ ಒಂದು ದಿನದ ಪಗಾರವನ್ನು ಕಡಿದದ್ದೂ ಉಂಟು. ಅವನು ಎದುರಾಡಲಿಲ್ಲ, ಮರುದಿನ ಎಂದಿನಂತೆ ಬಂದು ಯಂತ್ರಕ್ಕೆ ಎಣ್ಣೆ ಹಾಕಿದನು. ಲೋಖಂಡೆಯವರ ಜೀವಿತವನ್ನು ಬರೆಯಲೆಂದು ಕುಳಿತ ದಿನ ನಮ್ಮ ಕಣ್ಣ ಮುಂದೆ ಬಂದುದು ಆ ಮೌನ. ಈಗ ಸರದಿಯ ಮೇಲೆ ಪ್ರತಿಯೊಬ್ಬನಿಗೂ ವಾರಕ್ಕೊಂದು ದಿನ ಪಗಾರಸಹಿತ ಬಿಡುವು ಸಲ್ಲುತ್ತಿದೆ. ಪತ್ರಿಕೆಯು ಒಂದು ದಿನವೂ ತಪ್ಪಿಲ್ಲ. ನಮ್ಮ ಅಷ್ಟು ವರ್ಷಗಳ ವಾದವು ಬರಿಯ ನೆವವಾಗಿದ್ದಿತೆಂಬುದು ಇದರಿಂದ ಸಿದ್ಧವಾಯಿತು.

ಲೋಖಂಡೆಯವರು ಸಂಬಳದವರು. ತಮ್ಮ ಮೇಜು, ತಮ್ಮ ಪಗಾರ, ತಮ್ಮ ಮನೆ ಎಂದುಕೊಂಡು ಅವರು ಇದ್ದುಬಿಟ್ಟಿದ್ದರೆ ಆಕ್ಷೇಪಿಸುವವರು ಯಾರೂ ಇರಲಿಲ್ಲ. ಬರೆಯಬಲ್ಲ ತಮ್ಮ ಕೈಯನ್ನು ಬರೆಯಲಾರದವರಿಗೆ ಕೊಟ್ಟರು. ಅದೇ ಅವರ ಹಿರಿಮೆ. ನಮ್ಮ ಮೂರು ಊರುಗಳಲ್ಲಿ ಬರೆಯಬಲ್ಲ ಕೈಗಳಿಗೇನೂ ಕೊರತೆಯಿಲ್ಲ. ನೌಕರರ ಸಂಘದವರು ಐದು ದಿನಗಳ ವಾರಕ್ಕಾಗಿ ಬರೆಯುವ ಬಿನ್ನಹದಲ್ಲಿ, ಬಜಾರಿನ ಆಳುಗಳ ಒಂದು ದಿನಕ್ಕಾಗಿಯೂ ನಾಲ್ಕು ಸಾಲು ಸೇರಿಸಲಿ. ಕಾರ್ಮಿಕ ಖಾತೆಯ ಅಧಿಕಾರಿಗಳು ೧೯೬೧ರ ಕಾಯದೆಯನ್ನು ಕೈಯಲ್ಲಿ ಹಿಡಿದು ಒಮ್ಮೆ ಅಂಗಡಿಬೀದಿಯಲ್ಲಿ ನಡೆದುಬರಲಿ. ವರ್ತಕ ಬಂಧುಗಳು ತಾವಾಗಿಯೇ ಮುಂದೆ ಬಂದು ವಾರದಲ್ಲಿ ಒಂದು ದಿನ ಬಾಗಿಲಿಕ್ಕಲಿ, ಇಲ್ಲವೇ ಸರದಿಯ ಬಿಡುವು ಕೊಡಲಿ. ಹಾಗಾದಂದು ಎರಡನೆಯ ದಿನವನ್ನು ಕೇಳಲು ನಮಗೆ ಅಧಿಕಾರವು ಬರುತ್ತದೆ. ಆ ಬೇಡಿಕೆಯ ಹಿಂದೆ ಕಚೇರಿಯ ಜನರಷ್ಟೇ ಅಲ್ಲ, ಊರೇ ನಿಲ್ಲುತ್ತದೆ. ಎತ್ತಿಗೆ ಸೋಮವಾರವನ್ನು ಬಿಟ್ಟ ನಾಡು, ಚೀಲ ಹೊರುವ ಮನುಷ್ಯನಿಗೆ ಒಂದು ವಾರವನ್ನು ಬಿಡಲಾರದೇ?